ಇಸ್ಕೊಂಡವನೇ ಕೋಡಂಗಿ

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರು ಅಮೆರಿಕದ ಶಿಕ್ಷಣ ಇಲಾಖೆಯ ಸಾಲದ ಪುಸ್ತಕ ನೋಡಿರಲಿಲ್ಲ. ಅಲ್ಲಿ ಕೊಟ್ಟಿರುವುದು ಒಕ್ಕೂಟ ಸರ್ಕಾರ. ಇಸ್ಕೊಂಡವರು 4 ಕೋಟಿಗೂ ಹೆಚ್ಚು ಜನ. ಬಾಕಿ ಸುಮಾರು 1.6 ಲಕ್ಷ ಕೋಟಿ ಡಾಲರ್. ಈರಭದ್ರನ ಅವತಾರ ತಾಳಿರುವವನು ಮಾತ್ರ ಕೊಟ್ಟವನೇ. ಸಾಲ ಸುಸ್ತಿಯಾದರೆ ಕೋರ್ಟಿನ ಮೆಟ್ಟಿಲು ಹತ್ತದೆಯೇ ಸಂಬಳದಲ್ಲಿ ನೂರಕ್ಕೆ 15ರವರೆಗೆ ಮುರಿದುಕೊಳ್ಳುವ ಅಧಿಕಾರ ಅವನಿಗಿದೆ. ತೆರಿಗೆ ರೀಫಂಡನ್ನು ದಾರಿಯಲ್ಲೇ ಹಿಡಿದುಕೊಳ್ಳಬಹುದು. ಕೊರೊನಾ ಕಾಲದಿಂದ ಸುಮ್ಮನಿದ್ದ ಈ ವಸೂಲಿ 2025ರ ಮೇ 5ರಿಂದ ಮತ್ತೆ ಶುರುವಾಯಿತು. ಹೋಗಲಿ, ಪಾಪರ್ ಅರ್ಜಿ ಹಾಕಿ ಪಾರಾಗೋಣವೆಂದರೆ, ಓದಿನ ಸಾಲ ಆ ದಾರಿಯಲ್ಲಿ ಸುಲಭಕ್ಕೆ ಕರಗುವುದಿಲ್ಲ. ಅಧ್ಯಕ್ಷ ಟ್ರಂಪ್ ಅವರ ಕ್ಯಾಸಿನೊಗಳೂ ಹೋಟೆಲೂ ಸೇರಿ ಆರು ಸಲ ದಿವಾಳಿ ಕಾಯ್ದೆಯ ಮೊರೆ ಹೋಗಿದ್ದವು, ಯಜಮಾನರು ಶ್ವೇತಭವನ ಸೇರಿದರು. ಜೂಜುಕಟ್ಟೆಗೆ ಇರುವ ಈ ಸವಲತ್ತು ಎಂ.ಎ. ಮಾಡಿದವರಿಗೆ ಇಲ್ಲ. ಜೂಜಾಡಿದವರು ಯಾರು ಎಂಬುದರಲ್ಲಿ ಕಾನೂನಿಗೆ ಗೊಂದಲವಿದ್ದಂತಿಲ್ಲ.

2025ರ ಜುಲೈ 4ರಂದು, ಊರೆಲ್ಲ ಪಟಾಕಿ ಹೊಡೆಯುವ ಸ್ವಾತಂತ್ರ್ಯ ದಿನವೇ, ಅಧ್ಯಕ್ಷರು ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ಗೆ ಸಹಿ ಹಾಕಿದರು. ಹೆಸರಿನಲ್ಲೇ ವಿಮರ್ಶೆಯನ್ನೂ ಸೇರಿಸಿಬಿಟ್ಟಿದ್ದರಿಂದ ಪತ್ರಿಕೆಯವರಿಗೆ ಹೆಚ್ಚು ಕೆಲಸ ಉಳಿಯಲಿಲ್ಲ. ತೆರಿಗೆ ಕಡಿತ, ಗಡಿ ಕಾವಲು, ಬಡವರ ಆರೋಗ್ಯ ಯೋಜನೆಗೆ ಕತ್ತರಿ ಇವುಗಳ ನಡುವೆ ಎಲ್ಲೋ ಒಂದು ಅಧ್ಯಾಯದಲ್ಲಿ ವಿದ್ಯಾರ್ಥಿಗಳೂ ಇದ್ದರು. ಅವರ ಬಹುಕಾಲದ ದೂರು ಒಂದೇ: ಕಾಲೇಜಿನ ಫೀಸು ಜಾಸ್ತಿಯಾಯಿತು. ಸರ್ಕಾರ ದೂರನ್ನು ಪೂರ್ತಿ ಕೇಳಿಸಿಕೊಂಡಿತು, ತಲೆಯಾಡಿಸಿತು, ಸಾಲ ಕಡಿಮೆ ಮಾಡಿತು.

ಇದರ ಹಿಂದೆ ಒಂದು ಸಿದ್ಧಾಂತವಿದೆ. 1987ರಲ್ಲಿ ರೇಗನ್ ಸಂಪುಟದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಪತ್ರಿಕೆಯೊಂದರಲ್ಲಿ, ಸರ್ಕಾರ ನೆರವು ಹೆಚ್ಚಿಸಿದಷ್ಟೂ ಕಾಲೇಜುಗಳು ಫೀಸು ಹೆಚ್ಚಿಸುತ್ತವೆ ಎಂದು ಬರೆದಿದ್ದರು. ಮಾತು ಪೂರ್ತಿ ಸುಳ್ಳಲ್ಲ. 2006ರಲ್ಲಿ ಶುರುವಾದ ‘ಗ್ರಾಡ್ ಪ್ಲಸ್’ ಸಾಲವನ್ನೇ ನೋಡಿ: ಸ್ನಾತಕೋತ್ತರ ಓದಿಗೆ ಕಾಲೇಜು ಎಷ್ಟು ಖರ್ಚೆಂದು ಹೇಳುತ್ತದೋ, ಬೇರೆ ನೆರವು ಕಳೆದು ಉಳಿದದ್ದಷ್ಟನ್ನೂ ಸಾಲವಾಗಿ ಪಡೆಯಬಹುದಿತ್ತು. ಕಾಲೇಜು ಬೆಲೆ ಬರೆಯುತ್ತಿತ್ತು, ಸರ್ಕಾರ ಚೆಕ್ ಬರೆಯುತ್ತಿತ್ತು, ಸಹಿ ಹಾಕುವವನು ಮಾತ್ರ ವಿದ್ಯಾರ್ಥಿ. ಇಪ್ಪತ್ತು ವರ್ಷ ನಡೆದ ಈ ತ್ರಿಪಾತ್ರಾಭಿನಯದಲ್ಲಿ ಈಗ ತಪ್ಪಿತಸ್ಥರನ್ನು ಹುಡುಕಿದ್ದಾರೆ. ಬೆಲೆ ಬರೆದವರು ಸಿಗಲಿಲ್ಲ, ಚೆಕ್ ಬರೆದವರು ತಾವೇ ತೀರ್ಪುಗಾರರು, ಹಾಗಾಗಿ ಸಹಿ ಹಾಕಿದವನು ಸಿಕ್ಕಿಬಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ ಅಷ್ಟು ದೂರದ ದೇಶದಲ್ಲೂ ಪ್ರಾಕ್ಟೀಸ್ ಮಾಡುತ್ತಿದ್ದಾನೆ.

2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರಾಡ್ ಪ್ಲಸ್ ಇಲ್ಲ. ಸಾಧಾರಣ ಸ್ನಾತಕೋತ್ತರ ಪದವಿಯಾದರೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ. ‘ವೃತ್ತಿಪರ’ ಪದವಿಯಾದರೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಡಿಗ್ರಿಯಿಂದ ಹಿಡಿದು ಡಾಕ್ಟರಿಕೆವರೆಗೆ ಜೀವಮಾನದಲ್ಲಿ ಎಷ್ಟೇ ಓದಿದರೂ 2,57,500 ದಾಟುವಂತಿಲ್ಲ. ಇದರಲ್ಲೊಂದು ಸೊಗಸಿದೆ. ನೀವು ಪಡೆದ ಸಾಲವನ್ನು ಪೈಸೆ ಬಿಡದೆ ತೀರಿಸಿದ್ದರೂ ಅದು ಈ ಲೆಕ್ಕದಿಂದ ಇಳಿಯುವುದಿಲ್ಲ. ನಮ್ಮ ಸಹಕಾರಿ ಸಂಘದ ಕಾರ್ಯದರ್ಶಿ ಕೂಡ ಹಳೆ ಸಾಲ ತೀರಿಸಿದವನನ್ನು ಕಂಡರೆ ಕುರ್ಚಿ ಹಾಕಿ ಕೂರಿಸಿ ಹೊಸ ಸಾಲ ಕೊಡುತ್ತಾನೆ. ಇಲ್ಲಿ ತೀರಿಸಿದವನಿಗೂ ತೀರಿಸದವನಿಗೂ ಒಂದೇ ಗೆರೆ.

ಅಲ್ಲಿನ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ನಾಲ್ಕು ವರ್ಷಕ್ಕೆ 3 ಲಕ್ಷ ಡಾಲರ್ ದಾಟುವುದು ಮಾಮೂಲು. ಸರ್ಕಾರ ಎರಡಕ್ಕೆ ನಿಂತಿತು. ಉಳಿದದ್ದಕ್ಕೆ ಫೀಸು ಇಳಿಯುತ್ತದೆ ಎನ್ನುತ್ತದೆ ಸಿದ್ಧಾಂತ. ಸಿದ್ಧಾಂತ ಇಳಿಯುವವರೆಗೆ ಏನು ಮಾಡುವುದು ಎಂದು ಕೇಳಿದರೆ ಖಾಸಗಿ ಬ್ಯಾಂಕು ಬಾಗಿಲು ತೆರೆದು ನಿಂತಿದೆ. ಅದಕ್ಕೆ ಕ್ರೆಡಿಟ್ ಸ್ಕೋರ್ ಬೇಕು, ಜಾಮೀನು ಹಾಕಲು ಅಪ್ಪನೋ ಚಿಕ್ಕಪ್ಪನೋ ಬೇಕು. ಅಂದರೆ ಅಪ್ಪನಿಗೆ ಆಸ್ತಿಯಿದ್ದವನು ಡಾಕ್ಟರಾಗಬಹುದು. ನಮ್ಮ ದಾವಣಗೆರೆ, ಹುಬ್ಬಳ್ಳಿಯ ಹುಡುಗರಿಗೆ ಇದರಲ್ಲಿ ಹೊಸದೇನೂ ಕಾಣಿಸಲಾರದು. ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗುವವರಿಗೆ ಆ ದೇಶದ ಸರ್ಕಾರಿ ಸಾಲ ಯಾವತ್ತೂ ಇರಲಿಲ್ಲ. ಅಪ್ಪನ ಸೈಟಿನ ಪತ್ರ ಇಲ್ಲಿನ ಬ್ಯಾಂಕಿನ ಕಪಾಟು ಸೇರಿದ ಮೇಲೆಯೇ ಅವರ ವಿಮಾನ ಹಾರುವುದು. ಈಗ ಅಮೆರಿಕದ ಹುಡುಗನೂ ಪಕ್ಕದ ಬೆಂಚಿನವನನ್ನು ‘ಜಾಮೀನಿಗೆ ಯಾರನ್ನು ಹಿಡಿದೆ?’ ಎಂದು ಕೇಳಬೇಕಾದ ದಿನ ಬಂದಿದೆ. ಜಾಗತೀಕರಣ ಎಂದು ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದೆವು, ಇದೇ ಇರಬೇಕು.

ಇನ್ನು ‘ವೃತ್ತಿಪರ’ರ ವಿಷಯಕ್ಕೆ ಬರೋಣ. ವರ್ಷಕ್ಕೆ 20,500 ಸಿಗುವವರು ಯಾರು, 50,000 ಸಿಗುವವರು ಯಾರು ಎಂದು ಗೆರೆ ಎಳೆಯಲು ಇಲಾಖೆ ಒಂದು ಸಮಿತಿ ಕೂರಿಸಿತು. 2025ರ ನವೆಂಬರಿನಲ್ಲಿ ಸಮಿತಿ ಒಪ್ಪಿದ ಪಟ್ಟಿಯಲ್ಲಿ ವೈದ್ಯರು, ದಂತವೈದ್ಯರು, ವಕೀಲರು, ಪಶುವೈದ್ಯರು, ಔಷಧ ಶಾಸ್ತ್ರದವರು, ಕಣ್ಣು ಪರೀಕ್ಷೆಯವರು, ಪಾದದ ವೈದ್ಯರು ಇದ್ದಾರೆ. ಸರಿ. ಬೆನ್ನಿನ ನೆಟಿಕೆ ತೆಗೆಯುವ ಕೈರೊಪ್ರ್ಯಾಕ್ಟರ್ ಇದ್ದಾರೆ. ದೇವತಾಶಾಸ್ತ್ರ ಓದಿ ಪಾದ್ರಿಯಾಗುವವರು, ರಬ್ಬಿಯಾಗುವವರು ಇದ್ದಾರೆ. ಕೊನೆ ಗಳಿಗೆಯಲ್ಲಿ ಕ್ಲಿನಿಕಲ್ ಮನಶ್ಶಾಸ್ತ್ರದವರಿಗೂ ಒಂದು ಸ್ಟೂಲು ಸಿಕ್ಕಿತು. ನರ್ಸಿಂಗ್ ಇಲ್ಲ. ಫಿಸಿಯೊಥೆರಪಿ ಇಲ್ಲ. ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ, ಶಿಕ್ಷಕರ ತರಬೇತಿ, ವಾಸ್ತುಶಿಲ್ಪ, ಅಕೌಂಟೆನ್ಸಿ ಯಾವುದೂ ಇಲ್ಲ.

ಹೀಗಾಗಿ ಬೆನ್ನನ್ನು ಲಟಕ್ಕನೆ ಮುರಿಯುವವನು ವೃತ್ತಿಪರ, ಮುರಿದ ಬೆನ್ನನ್ನು ಆರು ತಿಂಗಳು ಕೂತು ನೆಟ್ಟಗೆ ಮಾಡುವವಳು ಅಲ್ಲ. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಅರಿವಳಿಕೆ ಕೊಡಲು ಕಲಿಯುವ ನರ್ಸಿಗೆ 20,500. ಅವಳ ಕೈ ಮೀರಿದ ರೋಗಿಗೆ ಬೆಳಿಗ್ಗೆ ಬಂದು ಪ್ರಾರ್ಥನೆ ಹೇಳಲು ಓದುವವರಿಗೆ 50,000. ಒಟ್ಟಿನಲ್ಲಿ ರೋಗಿಯನ್ನು ಉಳಿಸುವುದಕ್ಕಿಂತ ಕಳಿಸಿಕೊಡುವುದಕ್ಕೆ ಬಂಡವಾಳ ಹೆಚ್ಚು ಬೇಕೆಂದು ವಾಷಿಂಗ್ಟನ್ ಲೆಕ್ಕ ಹಾಕಿದೆ. ನಮ್ಮ ಕಡೆಯಿಂದ ಹೋಗಿ ಅಲ್ಲಿನ ದೇವಸ್ಥಾನಗಳಲ್ಲಿ ಪೂಜೆ ಮಾಡುವ ಭಟ್ಟರು ಮಾತ್ರ ಈ ಪಟ್ಟಿಯ ಲಾಭ ಪಡೆಯಲಾರರು. ಅವರು ಸಾಲ ಮಾಡಿ ವೇದ ಕಲಿತವರಲ್ಲ. ಆದರೆ ಮಂಗಳೂರು, ಉಡುಪಿ ಕಡೆಯಿಂದ ನರ್ಸಿಂಗ್ ಮುಗಿಸಿ ಹೋಗಿ, ಅಲ್ಲೇ ನೆಲೆಯೂರಿ, ಮಗಳೂ ನರ್ಸ್ ಪ್ರ್ಯಾಕ್ಟಿಷನರ್ ಆಗಲಿ ಎಂದುಕೊಂಡಿರುವ ಮನೆಗಳಲ್ಲಿ ಈ ಪಟ್ಟಿಯನ್ನು ಎರಡೆರಡು ಸಲ ಓದಿರುತ್ತಾರೆ.

ಪಟ್ಟಿ ಎಲ್ಲಿಂದ ಬಂತು ಎನ್ನುವುದು ಇನ್ನೂ ಚಂದ. ಹಳೆಯ ನಿಯಮಾವಳಿಯೊಂದರಲ್ಲಿ ವೃತ್ತಿಪರ ಪದವಿ ಅಂದರೆ ಏನೆಂದು ವಿವರಿಸಿ, ಹತ್ತು ಉದಾಹರಣೆ ಕೊಟ್ಟು, ‘ಇವಿಷ್ಟೇ ಅಲ್ಲ’ ಎಂದು ಬರೆದಿತ್ತು. ಸಮಿತಿಯವರು ಉದಾಹರಣೆಗಳನ್ನು ಉಳಿಸಿಕೊಂಡು ‘ಇವಿಷ್ಟೇ ಅಲ್ಲ’ ಎಂಬುದನ್ನು ಹೊಡೆದುಹಾಕಿದರು. ಮದುವೆ ಕಾಗದದಲ್ಲಿ ‘ಬಂಧುಮಿತ್ರರೊಡನೆ’ ಎಂಬುದನ್ನು ಅಳಿಸಿ, ಬಾಗಿಲಲ್ಲಿ ಒಬ್ಬ ಗೂರ್ಖನನ್ನು ನಿಲ್ಲಿಸಿದ ಹಾಗಾಯಿತು. ನರ್ಸುಗಳ ಸಂಘಗಳು ಗಲಾಟೆ ಎಬ್ಬಿಸಿದಾಗ ಇಲಾಖೆ ಸಮಾಧಾನ ಹೇಳಿತು: ಇದು ಸಾಲದ ಲೆಕ್ಕಕ್ಕಷ್ಟೇ ಮಾಡಿಕೊಂಡ ವ್ಯಾಖ್ಯೆ, ಯಾರ ಕೆಲಸ ದೊಡ್ಡದು ಎಂಬ ತೀರ್ಪಲ್ಲ, ಅಲ್ಲದೆ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ 95 ಜನ ಹೇಗೂ ಈ ಮಿತಿಯ ಒಳಗೇ ಸಾಲ ಮಾಡುತ್ತಾರೆ. ಮಾತು ನಿಜವೇ ಆಗಿದ್ದರೆ ಉಳಿದ ಐದು ಜನರನ್ನು ಹಿಡಿಯಲು ಇಷ್ಟು ದೊಡ್ಡ ಬೇಲಿ ಯಾಕೆ ಬೇಕಿತ್ತು ಎಂದು ಯಾರೂ ಕೇಳಬಾರದು. ಕೇಳಿದರೆ ಆ ಐವರೇ ಫೀಸು ಏರಿಸಿದವರು ಎಂಬ ಉತ್ತರ ಬಂದೀತು.

ಸಾಲ ತೀರಿಸುವ ಕ್ರಮವನ್ನೂ ಸರಳ ಮಾಡಿದ್ದಾರೆ. ಇಂಥ ಕಡೆ ‘ಸರಳ’ ಎಂಬ ಮಾತು ಕಂಡರೆ ಅನುಭವಸ್ಥರು ಕನ್ನಡಕ ಒರೆಸಿಕೊಳ್ಳುತ್ತಾರೆ. ಹಿಂದೆ ಹಲವಾರು ಯೋಜನೆಗಳಿದ್ದವು. ಇನ್ನು ಹೊಸ ಸಾಲಗಾರರಿಗೆ ಎರಡೇ: ಒಂದು ನಿಗದಿ ಕಂತಿನದು, ಇನ್ನೊಂದು ವರಮಾನ ನೋಡಿ ಕಂತು ಕಟ್ಟಿಸುವ ‘ರೀಪೇಮೆಂಟ್ ಅಸಿಸ್ಟೆನ್ಸ್ ಪ್ಲಾನ್’, ಕರೆಯಲು ರ್‍ಯಾಪ್. ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡೋಣ. ಇದರಲ್ಲಿ ಕಂತು ಕಟ್ಟಿದ ಮೇಲೂ ಉಳಿಯುವ ಬಡ್ಡಿಯನ್ನು ಮನ್ನಾ ಮಾಡುತ್ತಾರೆ, ಅಸಲೂ ತಿಂಗಳಿಗೆ ಒಂದಿಷ್ಟು ಇಳಿಯುವಂತೆ 50 ಡಾಲರ್‌ವರೆಗೆ ಸರ್ಕಾರವೇ ಕೈಜೋಡಿಸುತ್ತದೆ. ಹದಿನೈದು ವರ್ಷ ಕಟ್ಟಿದರೂ ಮೊದಲು ಪಡೆದದ್ದಕ್ಕಿಂತ ಹೆಚ್ಚು ಬಾಕಿ ತೋರಿಸುವ ಚೀಟಿ ನೋಡಿ ಎದೆ ಹಿಡಿದುಕೊಂಡವರಿಗೆ ಇದು ದೊಡ್ಡದೇ.

ಹೊಗಳಿಕೆ ಮುಗಿಯಿತು. ಕಂತಿನ ಮೆಟ್ಟಿಲುಗಳನ್ನು ನೋಡಿ. ವರಮಾನ 30,000 ದಾಟಿ 40,000ದವರೆಗೆ ಇದ್ದರೆ ಅದರ ಶೇ 3. 40,000 ದಾಟಿದರೆ ಶೇ 4, ಅದೂ ದಾಟಿದ ಭಾಗಕ್ಕಲ್ಲ, ಪೂರ್ತಿ ವರಮಾನಕ್ಕೆ. ಹೀಗೇ ಹತ್ತು ಸಾವಿರಕ್ಕೊಂದು ಮೆಟ್ಟಿಲು, ಒಂದು ಲಕ್ಷ ದಾಟಿದವರಿಗೆ ಶೇ 10. ಶಿಕಾಗೊದಲ್ಲಿ ಸಮಾಜಕಾರ್ಯ ಓದಿ ಕೆಲಸಕ್ಕಿರುವ ಮಗಳೊಬ್ಬಳು ಹಾಸನದ ತಾಯಿಗೆ ಈ ಮೆಟ್ಟಿಲು ವಿವರಿಸುವುದನ್ನು ಊಹಿಸಿಕೊಳ್ಳಿ.

‘ಅಮ್ಮಾ, ಸಂಬಳ ಜಾಸ್ತಿ ಆಯ್ತು.’

‘ದೇವರು ದೊಡ್ಡವನು. ಎಷ್ಟಾಯ್ತು ಪುಟ್ಟಿ?’

‘ನಲವತ್ತು ಸಾವಿರ ಇತ್ತು. ನಲವತ್ತು ಸಾವಿರದ ಒಂದಾಯ್ತು.’

‘ಒಂದು ಡಾಲರ್ರಾ? ಆಗಲಿ ಬಿಡು, ಲಕ್ಷ್ಮಿನ ಬೇಡ ಅನ್ನಬಾರದು.’

‘ಲಕ್ಷ್ಮಿ ಬಂದದ್ದಕ್ಕೆ ಕಂತು ತಿಂಗಳಿಗೆ ನೂರಿದ್ದದ್ದು ನೂರ ಮೂವತ್ಮೂರಾಯ್ತು. ವರ್ಷಕ್ಕೆ ನಾನೂರು.’

‘ಹಾಗಾದ್ರೆ ಆ ಒಂದು ಡಾಲರ್ ವಾಪಸ್ ಕೊಟ್ಟುಬಿಡೇ.’

ಅರ್ಥಶಾಸ್ತ್ರಜ್ಞರಿಗೆ ಹೊಳೆಯದ ಪರಿಹಾರ ತಾಯಿಗೆ ಹೊಳೆಯಿತು. ಒಂದು ಲಕ್ಷದ ಮೆಟ್ಟಿಲಿನಲ್ಲಂತೂ ಆ ಒಂದು ಡಾಲರಿನ ಬೆಲೆ ವರ್ಷಕ್ಕೆ ಸಾವಿರ. ಜೊತೆಗೆ ಈ ಮೆಟ್ಟಿಲುಗಳು ಹಣದುಬ್ಬರದ ಜೊತೆ ಮೇಲೇರುವುದಿಲ್ಲ. ಹಾಲು, ಮೊಟ್ಟೆ, ಬಾಡಿಗೆ ಎಲ್ಲ ಏರುತ್ತವೆ, ಅವನ್ನು ಬೆನ್ನಟ್ಟಿ ಸಂಬಳವೂ ಏದುಸಿರು ಬಿಡುತ್ತ ಏರುತ್ತದೆ, ಮೆಟ್ಟಿಲು ಮಾತ್ರ ಹಾಕಿದಲ್ಲೇ ಇರುತ್ತದೆ. ಬಡತನ ಹಾಗೇ ಇದ್ದರೂ ಕಾಗದದ ಮೇಲೆ ಶ್ರೀಮಂತಿಕೆ ಬರುತ್ತ ಹೋಗುತ್ತದೆ, ಕಂತೂ ಅದರ ಹಿಂದೆ. ಎಲ್ಲಿಯವರೆಗೆ? 30 ವರ್ಷ. 360 ಕಂತು ಕಟ್ಟಿದ ಮೇಲೂ ಉಳಿದದ್ದಿದ್ದರೆ ಮನ್ನಾ. ಇಪ್ಪತ್ತೈದಕ್ಕೆ ಓದು ಮುಗಿಸಿದವರು ಐವತ್ತೈದಕ್ಕೆ ಋಣಮುಕ್ತರಾಗಿ, ಆ ಹೊತ್ತಿಗೆ ಕಾಲೇಜಿಗೆ ಹೋಗುವ ಮಗನ ಸಾಲಕ್ಕೆ ಜಾಮೀನು ಹಾಕಲು ಸಿದ್ಧರಾಗಿರುತ್ತಾರೆ. ಅಂದಹಾಗೆ, ಮಕ್ಕಳಿದ್ದರೆ ತಲೆಗೆ ತಿಂಗಳಿಗೆ 50 ಡಾಲರ್ ಕಂತಿನಲ್ಲಿ ಕಡಿತವಿದೆ. ಸಾಲ ಇಳಿಸಲು ಸಂತಾನ ಹೆಚ್ಚಿಸಿ ಎಂದು ಸರ್ಕಾರ ಬಾಯಿಬಿಟ್ಟು ಹೇಳಿಲ್ಲ.

ಹಳೆಯ ಸಾಲಗಾರರ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಅವರು ಅನುಭವಿಸಿದ್ದು ಮಾತ್ರ ಬೇಗ ಮುಗಿಯಲಿಲ್ಲ. ಹಿಂದಿನ ಅಧ್ಯಕ್ಷ ಬೈಡನ್ ಹತ್ತು, ಇಪ್ಪತ್ತು ಸಾವಿರ ಡಾಲರ್ ಮನ್ನಾ ಮಾಡುತ್ತೇನೆಂದರು. ಮಿಸ್ಸೂರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ತಕರಾರೇನು ಗೊತ್ತೇ? ಜನರ ಸಾಲ ಮನ್ನಾ ಆದರೆ, ಆ ಸಾಲ ನಿರ್ವಹಿಸುವ ನಮ್ಮ ರಾಜ್ಯದ ಸಂಸ್ಥೆಗೆ ಬರುವ ಶುಲ್ಕ ತಪ್ಪಿಹೋಗುತ್ತದೆ. ಮೊಹೆಲಾ ಎಂಬ ಆ ಸಂಸ್ಥೆ ತಾನಾಗಿ ಕೋರ್ಟಿಗೆ ಬಂದಿರಲಿಲ್ಲ, ಅದರ ಪರವಾಗಿ ರಾಜ್ಯವೇ ಕಣ್ಣೀರಿಟ್ಟಿತು. 2023ರ ಜೂನ್ 30ರಂದು ಆರು ನ್ಯಾಯಮೂರ್ತಿಗಳು ಆ ಕಣ್ಣೀರು ಒರೆಸಿದರು, ಮೂವರು ಒಪ್ಪಲಿಲ್ಲ. ಬಳಿಕ ಬೈಡನ್ ‘ಸೇವ್’ ಎಂಬ ಹಗುರ ಕಂತಿನ ಯೋಜನೆ ತಂದರು. 70 ಲಕ್ಷಕ್ಕೂ ಹೆಚ್ಚು ಜನ ಅದರೊಳಗೆ ಹೋದ ಮೇಲೆ 2024ರಲ್ಲಿ ಕೋರ್ಟು ಬಾಗಿಲು ಹಾಕಿತು. ಕಂತೂ ಕಟ್ಟಬೇಕಿರಲಿಲ್ಲ, ಮನ್ನಾದ ಲೆಕ್ಕಕ್ಕೂ ಸೇರುತ್ತಿರಲಿಲ್ಲ, ಹೊರಗೆ ಬರಲು ಅರ್ಜಿ ಹಾಕಿದರೆ ಅರ್ಜಿಗಳೇ ರಾಶಿ ಬಿದ್ದಿದ್ದವು. 2025ರ ಆಗಸ್ಟ್ 1ರಿಂದ ಬಡ್ಡಿ ಮಾತ್ರ ಎದ್ದು ನಡೆಯತೊಡಗಿತು. ಡಿಸೆಂಬರಿನಲ್ಲಿ ಇಲಾಖೆಯೂ ಮಿಸ್ಸೂರಿಯೂ ಸೇವ್ ಮುಗಿಸೋಣವೆಂದು ರಾಜಿ ಮಾಡಿಕೊಂಡವು. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಪಕ್ಷದವರಾದಾಗ ರಾಜಿ ಎಷ್ಟು ಸಲೀಸು ಎನ್ನುವುದಕ್ಕೆ ನಮ್ಮ ಪಂಚಾಯಿತಿಗಳಲ್ಲಿ ಬೇಕಾದಷ್ಟು ಪುರಾವೆಯಿದೆ.

ಇಷ್ಟೆಲ್ಲ ಜಾರಿಗೆ ತರಬೇಕಾದ ಇಲಾಖೆಯ ಸ್ಥಿತಿ ನೋಡಿ. 2025ರ ಮಾರ್ಚ್‌ನಲ್ಲಿ ಒಂದೇ ದಿನ 1,300ಕ್ಕೂ ಹೆಚ್ಚು ನೌಕರರನ್ನು ತೆಗೆಯುವ ಆದೇಶ ಬಂತು. ಮೊದಲೇ ಬಿಟ್ಟುಹೋದವರನ್ನೂ ಸೇರಿಸಿದರೆ ಸಿಬ್ಬಂದಿ ಹೆಚ್ಚುಕಡಿಮೆ ಅರ್ಧವಾಯಿತು. ಅದೇ ತಿಂಗಳ 20ರಂದು ಇಲಾಖೆಯನ್ನೇ ಮುಚ್ಚುವ ದಾರಿ ಹುಡುಕಿ ಎಂದು ಅಧ್ಯಕ್ಷರ ಆದೇಶ. ಮುಚ್ಚುವ ಹೊಣೆ ಕಾರ್ಯದರ್ಶಿ ಲಿಂಡಾ ಮೆಕ್‌ಮಹನ್ ಅವರದು. ಕುಸ್ತಿ ಮನರಂಜನೆಯ ಡಬ್ಲ್ಯುಡಬ್ಲ್ಯುಇ ಕಂಪನಿಯನ್ನು ಗಂಡನ ಜೊತೆ ಕಟ್ಟಿ ಬೆಳೆಸಿದವರು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಸಣ್ಣ ಉದ್ದಿಮೆಗಳ ಇಲಾಖೆಯಲ್ಲಿದ್ದರು. ಮುಚ್ಚುವ ಆದೇಶದ ಮರುದಿನವೇ ಅಧ್ಯಕ್ಷರು, ಸಾಲದ ಕಡತಗಳನ್ನೆಲ್ಲ ಆ ಸಣ್ಣ ಉದ್ದಿಮೆಗಳ ಇಲಾಖೆಗೆ ಕೊಟ್ಟುಬಿಡುತ್ತೇವೆ ಎಂದರು. ಮೇಡಮ್ಮು ಹಳೇ ಕಚೇರಿಯಿಂದ ಹೊಸ ಕಚೇರಿಗೆ ಬಂದರೆ, ಕಡತಗಳು ಹೊಸ ಕಚೇರಿಯಿಂದ ಹಳೇ ಕಚೇರಿಗೆ ಹೊರಡಬೇಕು. ದಾರಿಯಲ್ಲಿ ಭೇಟಿಯಾದರೆ ಮಾತಾಡಿಸಬಹುದು.

ಈ ಎಲ್ಲ ಸಾಲಕ್ಕೂ, ಅನುದಾನಕ್ಕೂ ಹೆಬ್ಬಾಗಿಲು ಒಂದೇ ಅರ್ಜಿ, ಫಾಫ್ಸಾ. ಅದನ್ನೂ ‘ಸರಳ’ ಮಾಡಿದರು. ನೂರೆಂಟು ಪ್ರಶ್ನೆಗಳಿದ್ದ ಅರ್ಜಿ (ಅಷ್ಟೋತ್ತರದ ಸಂಖ್ಯೆ ಕಾಕತಾಳೀಯ) ಸುಮಾರು ಮೂವತ್ತಾರಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ತೆರೆಯಬೇಕಾದದ್ದು 2023ರ ಡಿಸೆಂಬರಿನ ಕೊನೆಯಲ್ಲಿ ತೆರೆಯಿತು, ಮೊದಲ ದಿನ ಅರ್ಧ ಗಂಟೆ. ತಿರುಪತಿಯಲ್ಲೂ ದರ್ಶನಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬಾಗಿಲು ತೆಗೆದಿರುತ್ತದೆ. ಪ್ರಶ್ನೆ ಕಡಿಮೆ ಮಾಡುವ ಭರದಲ್ಲಿ, ಮನೆಯಲ್ಲಿ ಎಷ್ಟು ಮಕ್ಕಳು ಕಾಲೇಜಿನಲ್ಲಿದ್ದಾರೆಂದು ನೋಡಿ ಪೋಷಕರ ಹೊರೆ ಹಂಚುತ್ತಿದ್ದ ಲೆಕ್ಕವೂ ಹೋಯಿತು. ಇದು ತಾಗಿದ್ದು ಯಾರಿಗೆ? ಎಚ್-1ಬಿ ಮೇಲೆ ಹೋದ ನಮ್ಮವರ ಮನೆಯೊಂದನ್ನು ತೆಗೆದುಕೊಳ್ಳಿ. ದೊಡ್ಡವಳು ಮೈಸೂರಿನಲ್ಲಿ ಹುಟ್ಟಿದವಳು, ಹಾಗಾಗಿ ಅವಳಿಗೆ ಸರ್ಕಾರಿ ಸಾಲವೂ ಇಲ್ಲ, ಅನುದಾನವೂ ಇಲ್ಲ. ಚಿಕ್ಕವನು ನ್ಯೂಜೆರ್ಸಿಯಲ್ಲಿ ಹುಟ್ಟಿದವನು, ಅವನಿಗೆ ಅರ್ಹತೆಯಿದೆ. ಹಿಂದೆ ಅಕ್ಕನೂ ಕಾಲೇಜಿನಲ್ಲಿದ್ದಾಳೆ ಎಂಬ ಕಾರಣಕ್ಕಾದರೂ ತಮ್ಮನಿಗೆ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು. ಈಗ ಅರ್ಜಿಯ ಪ್ರಕಾರ ಅಕ್ಕನ ಫೀಸು ಎಂಬುದೊಂದು ಮಾಯೆ.

2025ರ ಕಾಯ್ದೆ ಈ ಅರ್ಜಿಯಲ್ಲಿ ರೈತರಿಗೊಂದು ಉಪಕಾರ ಮಾಡಿದೆ. ಕುಟುಂಬ ವಾಸವಿರುವ ಜಮೀನನ್ನು ಆಸ್ತಿಯ ಲೆಕ್ಕದಿಂದ ಮತ್ತೆ ಕೈಬಿಟ್ಟಿದೆ. ಒಳ್ಳೆಯದು. ಆದರೆ ಅದೇ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನೆಲೆಸಿರುವ, ಗ್ರೀನ್ ಕಾರ್ಡಿನ ಒಬ್ಬ ಗೌಡರು ವಾಸವಿರುವುದು ಮೂರನೇ ಮಹಡಿಯ ಫ್ಲಾಟಿನಲ್ಲಿ, ಗದ್ದೆ ಇರುವುದು ಮಂಡ್ಯದ ಹತ್ತಿರ. ಮಗಳ ಕಾಲೇಜಿಗೆ ಪೋಷಕರ ಹೆಸರಿನ ಸಾಲವೂ ಬೇಕು. ಅದಕ್ಕೂ ಹೊಸ ಮಿತಿ ಬಿದ್ದಿದೆ: ವರ್ಷಕ್ಕೆ 20,000, ಒಟ್ಟು 65,000. ಮೂರು ವರ್ಷಕ್ಕೆ ಅರವತ್ತು ಸಾವಿರ ಮುಗಿದರೆ ನಾಲ್ಕನೇ ವರ್ಷಕ್ಕೆ ಉಳಿಯುವುದು ಐದು ಸಾವಿರ. ಡಿಗ್ರಿಗೆ ನಾಲ್ಕು ವರ್ಷ ಬೇಕೆಂದು ಕಾಯ್ದೆ ಬರೆದವರಿಗೆ ಯಾರೂ ಹೇಳಿರಲಿಲ್ಲವೋ, ಅಥವಾ ಮುಕ್ಕಾಲು ಡಿಗ್ರಿ ಸಾಕೆಂದುಕೊಂಡರೋ. ಏನೇ ಆಗಲಿ, ಅರ್ಜಿ ತುಂಬಲೇಬೇಕು. ವಾಸದ ಮನೆ ಬಿಟ್ಟು ಬೇರೆ ಸ್ಥಿರಾಸ್ತಿ ಇದ್ದರೆ ಇಂದಿನ ಬೆಲೆ ಡಾಲರಿನಲ್ಲಿ ಎಷ್ಟು ಎನ್ನುವುದು ಪ್ರಶ್ನೆ.

ಗೌಡರು ಪ್ರಾಮಾಣಿಕರು. ಪೆನ್ನು ಹಿಡಿದು ಕೂತರು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ. ಪೋಡಿಗೆ ಅರ್ಜಿ ಕೊಟ್ಟ ಮೇಲೆ ಸರ್ವೆಯವರು ಮೂವರು ಬದಲಾದರು. ಮೂವರು ತಮ್ಮಂದಿರು, ಇಬ್ಬರು ಅತ್ತೆಯಂದಿರು, ಅವರ ಹೆಣ್ಣುಮಕ್ಕಳು. ನಾಲೆಗೆ ನೀರು ಬಿಟ್ಟರೆ ಒಂದು ಬೆಲೆ, ಬಿಡದಿದ್ದರೆ ಇನ್ನೊಂದು. ಅರ್ಜಿಯಲ್ಲಿ ಇದಕ್ಕೆಲ್ಲ ಒಂದೇ ಖಾನೆ, ಅದರಲ್ಲೂ ಅಂಕಿ ಮಾತ್ರ ಬರೆಯಬೇಕು. ಕೊನೆಗೆ ಊರಿಗೇ ಫೋನು ಮಾಡಿ, ಕುಶಲ ಕೇಳಿ, ಮಳೆ ವಿಚಾರಿಸಿ, ಮೆಲ್ಲಗೆ ಕೇಳಿದರು: ‘ಅಲ್ಲ ಕಣೋ, ನಮ್ಮ ಗದ್ದೆ ಈಗ ಎಕರೆಗೆ ಏನು ರೇಟು ನಡೀತಾ ಐತೆ?’

ಆ ಕಡೆ ಮಾತೇ ಇಲ್ಲ. ಆಮೇಲೆ ತಮ್ಮನ ದನಿ ಬಂತು: ‘ಯಾಕಣ್ಣೋ, ಪಾಲು ಕೇಳಕ್ಕೆ ಫೋನ್ ಮಾಡಿದ್ಯಾ?’